ಕಪ್ಪಿನ ಅಳತೆ

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ಆದಿಲಕ್ಷ್ಮಿಯ ಸ್ಟುಡಿಯೋ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಹತ್ತೊಂಬತ್ತು ವರ್ಷದಿಂದ ಮದುವೆ ಫೋಟೋ ತೆಗೆದು ಹೆಸರು ಮಾಡಿದ ಹೆಂಗಸು. ಗಂಡಸರು ಕ್ಯಾಮೆರಾ ಹಿಡಿದರೆ ಯಾರೂ ತಿರುಗಿ ನೋಡುವುದಿಲ್ಲ, ತಾನು ಹಿಡಿದರೆ ಇಡೀ ಚಪ್ಪರವೇ ನೋಡುತ್ತದೆ, ಆದ್ದರಿಂದ ತಪ್ಪುವ ಹಾಗೇ ಇಲ್ಲ ಎಂಬುದು ಅವಳ ನಂಬಿಕೆ. ಅಂಥವಳಿಗೆ ೨೦೦೫ರ ಮೇ ತಿಂಗಳಲ್ಲಿ ಮುಖಭಂಗವಾಯಿತು.

ಕುರುಡುಮಲೆ ಕಡೆಯ ರೈತರ ಮನೆಯ ವೆಂಕಟರತ್ನಮ್ಮ ಮಗಳ ಮದುವೆ ಆಲ್ಬಂ ತಂದು ಮೇಜಿನ ಮೇಲೆ ಕುಕ್ಕಿದರು.

"ಏನಮ್ಮಾ ಆದಿಲಕ್ಷ್ಮೀ ಇದು? ನನ್ ಮಗಳ ತಲೇಗೆ ಟಾರು ಬಳ್ದಂಗೈತೆ. ಒಂದು ಗಂಟೆ ಕೂತು ಜಡೆ ಹೆಣ್ದಿದ್ದೆ, ಒಂದೆಳೆ ಕಾಣಲ್ಲ. ಚಿಕ್ಕೋಳ ಮದ್ವೆಗೆ ಕೋಲಾರದೋರ್ನೇ ಕರೀತೀವಿ ಬಿಡು."

ಆದಿಲಕ್ಷ್ಮಿ ಆಲ್ಬಂ ತೆರೆದು ನೋಡಿದಳು. ಕಂಪ್ಯೂಟರಿನಲ್ಲಿ ಅದೇ ಕೂದಲು ಬೂದುಬೂದಾಗಿ ಕಂಡಿತ್ತು. ಹಾಗೆ ಕಂಡದ್ದರಿಂದಲೇ ಇನ್ನಷ್ಟು ಕಪ್ಪು ಮಾಡಿ ಪ್ರಿಂಟಿಗೆ ಕಳಿಸಿದ್ದಳು. ಹಳೆಯ ದಪ್ಪ ಮಾನಿಟರ್ ಇದ್ದಾಗ ಹೀಗೆಂದೂ ಆಗಿರಲಿಲ್ಲ. ಈ ತೆಳ್ಳನೆಯ ಹೊಸದು ಬಂದು ಎರಡೇ ತಿಂಗಳು. ತಪ್ಪು ಅದರದೋ, ತನ್ನ ಕಣ್ಣಿನದೋ?

ಮಾನಿಟರ್ ಮಾರಿದ ರಾಘವೇಂದ್ರನಿಗೆ ಕೋಲಾರಕ್ಕೆ ಫೋನು ಹೋಯಿತು. ಬಂದವನು ಡಬ್ಬದ ಮೇಲೆ ಬೆರಳಿಟ್ಟ.

"ನೋಡಿ ಮೇಡಂ, ಐನೂರಕ್ಕೊಂದು ಅಂತ ಬರ್ದಿದೆ. ಕಪ್ಪಿಗಿಂತ ಬಿಳೀಲಿ ಐನೂರು ಪಟ್ಟು ಬೆಳಕು. ಮಾನಿಟರ್ ಸರಿಯಾಗೇ ಇದೆ. ನೀವೇ ಒಂದ್ಸಲ ಕಣ್ಣು ತೋರಿಸ್ಕೊಳ್ಳಿ."

"ಡಬ್ಬದ ಮೇಲೆ ಏನು ಬೇಕಾದ್ರೂ ಬರೀಬಹುದು ಕಣಪ್ಪಾ. ಅಳೆದೇ ನೋಡೋಣ, ಕೂತ್ಕೋ."

ಬಾಗಿಲು ಮುಚ್ಚಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ದೀಪಗಳನ್ನು ಆರಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದಳು. ಮೊದಲು ಪರದೆ ತುಂಬ ಬಿಳಿ. ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗದಷ್ಟು ಹೊತ್ತು ಕ್ಯಾಮೆರಾದೊಳಗೆ ಬೆಳಕು ಬಿಟ್ಟಾಗ ಫೋಟೋದಲ್ಲಿ ಹದವಾದ ಬೂದು ಬಂತು. ಆಮೇಲೆ ಪರದೆ ತುಂಬ ಕಪ್ಪು. ಬೇರೆ ಯಾವ ಗುಂಡಿಯನ್ನೂ ಮುಟ್ಟದೆ, ಅದೇ ಬೂದು ಬರುವವರೆಗೆ ಹೊತ್ತು ಹೆಚ್ಚಿಸುತ್ತಾ ಹೋದಳು. ಅರ್ಧ ಸೆಕೆಂಡಿಗೆ ಬಂತು.

"ಎಷ್ಟು ಪಟ್ಟು ಹೆಚ್ಚು ಹೊತ್ತು ಬೇಕಾಯ್ತೋ, ಅಷ್ಟೇ ನಿನ್ ಮಾನಿಟರ್ ತಾಕತ್ತು. ನೂರಿಪ್ಪತ್ತೈದು! ಎಲ್ಲಪ್ಪಾ ನಿನ್ ಐನೂರು?"

ರಾಘವೇಂದ್ರ ಮೂರು ಸಲ ಲೆಕ್ಕ ಹಾಕಿದ. ಮೂರು ಸಲವೂ ಮುಖ ಸಣ್ಣದಾಯಿತು. "ತಪ್ಪಾಯ್ತು ಮೇಡಂ, ವಾಪಸ್ ತಗೊಂಡು ಹೋಗ್ತೀನಿ" ಎಂದು ವೈರಿಗೆ ಕೈ ಹಾಕಿದ.

ಗೆದ್ದ ಖುಷಿಯಲ್ಲಿ ಆದಿಲಕ್ಷ್ಮಿ ಕಪ್ಪು ಪರದೆಯ ಆ ಫೋಟೋವನ್ನು ಇನ್ನೊಮ್ಮೆ ನೋಡಿದಳು. ಬೂದಿನ ನಡುವೆ ನಿಂಬೆಹಣ್ಣಿನಷ್ಟು ಕೆಂಪು ಮಸುಕು.

ತಿರುಗಿ ನೋಡಿದರೆ, ಎದುರು ಗೋಡೆಯಲ್ಲಿ ಕುರುಡುಮಲೆ ಗಣಪತಿಯ ಪಟದ ಮುಂದೆ ಕೆಂಪು ಜೀರೋ ಬಲ್ಬು. ಸ್ಟುಡಿಯೋ ಪೂಜೆಯ ದಿನ ಅತ್ತೆ ಹಚ್ಚಿದ್ದು. ಆಮೇಲೆ ಕರೆಂಟು ಹೋದಾಗ ಆರಿದ್ದುಂಟು, ಅದರ ಪಾಪ ಕರೆಂಟಿನವರಿಗೆ. ಕೈಯಾರೆ ಯಾರೂ ಆರಿಸಿರಲಿಲ್ಲ. ದೀಪಗಳನ್ನೆಲ್ಲ ಆರಿಸಿದಾಗಲೂ ಅದೊಂದು ದೀಪವೆಂದು ಅವಳಿಗೆ ಹೊಳೆದಿರಲಿಲ್ಲ. ಹಳೆಯ ಮಾನಿಟರ್ ಕಿಟಕಿ ಪಕ್ಕ ಇತ್ತು. ಜಾಗ ಉಳಿಯುತ್ತದೆಂದು ಹೊಸದನ್ನು ಗಣಪತಿಗೆ ನೇರ ಎದುರಾಗಿ ಇಟ್ಟವಳು ಅವಳೇ.

ರಾಘವೇಂದ್ರನ ಕಣ್ಣಿಗೆ ಇದು ಬಿದ್ದಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಸುಳ್ಳು ಅಳತೆಯಿಂದ ಹೆಸರು ಉಳಿಸಿಕೊಳ್ಳುವ ಜಾಯಮಾನ ಆದಿಲಕ್ಷ್ಮಿಯದಲ್ಲ.

"ವೈರು ಬಿಡು ರಾಘವೇಂದ್ರ. ನನ್ ಅಳತೆ ತಪ್ಪು."

ಗಣಪತಿಯ ಮುಂದೆ ಹೋಗಿ, "ಐದೇ ನಿಮಿಷ ಸ್ವಾಮಿ" ಎಂದು ಕೆನ್ನೆ ಬಡಿದುಕೊಂಡು ಸ್ವಿಚ್ ಆರಿಸಿದಳು. ಕೋಣೆ ಗವ್ವೆಂದಿತು. ಅರ್ಧ ಸೆಕೆಂಡು, ಬೂದು ಬರಲಿಲ್ಲ. ಒಂದು ಸೆಕೆಂಡು, ಇಲ್ಲ. ಎರಡು ಸೆಕೆಂಡಿಗೆ ಬಂತು.

"ಐನೂರು!" ಎಂದು ರಾಘವೇಂದ್ರ ಕೂಗಿಯೇಬಿಟ್ಟ.

"ನಿನ್ ಮಾನಿಟರೂ ಸರಿ, ನನ್ ಕಣ್ಣೂ ಸರಿ. ಬಲ್ಬಿನ ಬೆಳಕು ಪರದೆಗೆ ಬಿದ್ದು ಕಪ್ಪು ಬೂದಾಗಿ ಕಂಡಿದೆ. ನಾನಿಟ್ಟ ಜಾಗ ಸರಿಯಿಲ್ಲ" ಎಂದಳು ಆದಿಲಕ್ಷ್ಮಿ. ಹೇಳಿಕೊಂಡಾಗ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕಂಡುಹಿಡಿದವಳೂ ತಾನೇ ಎಂದು ಎದೆಯುಬ್ಬಿ ಬಂತು.

"ಅಕ್ಕಾ, ಇದನ್ನ ಒಂದು ಚೀಟೀಲಿ ಬರ್ಕೊಡಿ, ಅಂಗಡೀಲಿ ಅಂಟಿಸ್ತೀನಿ" ಎಂದ ರಾಘವೇಂದ್ರ. ಬರುವಾಗ ಮೇಡಂ ಆಗಿದ್ದವಳು ಈಗ ಅಕ್ಕನಾಗಿದ್ದಳು. ಕೆಳಗೆ 'ಅಳೆದವರು: ಆದಿಲಕ್ಷ್ಮಿ, ಮುಳಬಾಗಿಲು' ಎಂದು ದೊಡ್ಡದಾಗಿ ರುಜು ಹಾಕಿಕೊಟ್ಟಳು.

ಬಲ್ಬು ಮತ್ತೆ ಹತ್ತಿತು. ಮಾನಿಟರ್ ಗಣಪತಿಯ ಪಟದ ಕೆಳಕ್ಕೆ ಬಂತು. ಇನ್ನು ಇಬ್ಬರೂ ಒಂದೇ ಕಡೆ ನೋಡಬೇಕು. ಇಡೀ ಆಲ್ಬಮ್ಮನ್ನು ಹೊಸದಾಗಿ ತಿದ್ದಿ ಪ್ರಿಂಟು ಹಾಕಿಸಿದಳು.

ಮುಂದಿನ ವಾರ ವೆಂಕಟರತ್ನಮ್ಮ ಬಂದಾಗ, "ತಪ್ಪು ನನ್ನದೇ ಅಕ್ಕಾ" ಎಂದು ನಡೆದದ್ದನ್ನೆಲ್ಲ ಹೇಳಿದಳು. ಅವರು ಹೊಸ ಆಲ್ಬಂ ತೆರೆದರು. ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು, ಮಗಳ ಜಡೆಯ ಮೇಲೆ ಮೇಲಿನಿಂದ ಕೆಳಗೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ನೋಡು, ಈ ಎಳೆ ಸಡ್ಲ ಆಗಿತ್ತು. ಮುಹೂರ್ತಕ್ಕೆ ಹೊತ್ತಾಯ್ತು ಅಂತ ಹಂಗೇ ಬಿಟ್ಟಿದ್ದೆ. ಅದೂ ಕಾಣ್ತೈತಲ್ಲೇ!"

ಆಲ್ಬಮ್ಮನ್ನು ಸೆರಗಿನಲ್ಲಿ ಸುತ್ತಿ ಮೆಟ್ಟಿಲಿಳಿದ ಮೇಲೆ ಅವರು ತಿರುಗಿ ನಿಂತರು.

"ಚಿಕ್ಕೋಳ ಮದ್ವೆ ಕಾರ್ತೀಕದಲ್ಲಿ. ತೆಗೆಯೋಳು ನೀನು ಅಂದ್ಮೇಲೆ, ಜಡೆ ಗಟ್ಟಿಯಾಗಿ ಹೆಣೀಬೇಕು ನಾನು."