ಹಾಸಿಗೆ ಅಂಗಡಿಯ ಜಿಂಗಲ್

"ಇದು ಜಾಹೀರಾತೋ, ಶೋಕಸಭೆಯೋ?" ಎಂದು ಕತ್ತರಿ ಮೇಷ್ಟ್ರು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟರು.

ಪಕ್ಕದಲ್ಲಿ ಕೂತಿದ್ದ ಹುಡುಗಿ ಅದನ್ನೆತ್ತಿ ಕೊಕ್ಕೆಗೆ ಸಿಕ್ಕಿಸಿದಳು. ರೇಡಿಯೊ ಕೇಂದ್ರದ ತರಬೇತಿಗೆ ಸೇರಿದಾಗಿನಿಂದ ಅವಳು ಮಾತಾಡಿದ್ದೇ ಕಡಿಮೆ. ಜೊತೆಯವರು ಮೌನಿ ಎಂದು ಹೆಸರಿಟ್ಟು, ಬರಬರುತ್ತ ನಿಜವಾದ ಹೆಸರನ್ನೇ ಮರೆತಿದ್ದರು. ಮೇಷ್ಟ್ರಿಗೆ ಕತ್ತರಿ ಎಂಬ ಹೆಸರನ್ನೂ ಆ ಜೊತೆಯವರೇ ಇಟ್ಟದ್ದು. ಯಾರ ಕೆಲಸ ಕೈಗೆ ಸಿಕ್ಕರೂ ಮೊದಲು ಕತ್ತರಿಸಿ ಆಮೇಲೆ ಕೇಳುವ ಆಸಾಮಿ.

ಈ ಸಲ ಅವಳ ಪಾಲಿಗೆ ಬಂದದ್ದು ಒಂದು ಹಾಸಿಗೆ ಅಂಗಡಿಯ ಜಿಂಗಲ್. ಅದು ಪ್ರಸಾರವಾಗಿ ಅಂಗಡಿಯ ಯಜಮಾನರು ಒಪ್ಪಿದರೆ, ನಿರ್ಮಾಣ ವಿಭಾಗದಲ್ಲಿ ಖಾಲಿಯಿರುವ ಒಂದೇ ಒಂದು ಕುರ್ಚಿ ಅವಳದು. ಇಲ್ಲವಾದರೆ ಅತ್ತಿಗೆಯ ತಮ್ಮನ ಟ್ರಾವೆಲ್ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸ. ಬೆಳಗಿನಿಂದ ಸಂಜೆತನಕ ಬರೀ ಮಾತು.

ಅವಳು ಮಾಡಿದ್ದು ಇಷ್ಟೇ. ಮೊದಲು ಗದ್ದಲ: ಬೀದಿಯ ಹಾರ್ನ್, ಗೋಡೆ ಕೊರೆಯುವ ಯಂತ್ರ, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು. ಒಂದರ ಮೇಲೊಂದು ಏರಿ, ಇನ್ನು ತಡೆಯಲಾರೆ ಅನ್ನಿಸುವಾಗ ಎಲ್ಲವೂ ಒಮ್ಮೆಗೇ ನಿಂತುಬಿಡುತ್ತದೆ. ಏನೂ ಇಲ್ಲ. ಆಮೇಲೆ ಮೆಲುದನಿಯಲ್ಲಿ ಅಂಗಡಿಯ ಹೆಸರು. ನಡುವಿನ ಆ ಖಾಲಿ ಜಾಗಕ್ಕಾಗಿಯೇ ಉಳಿದದ್ದನ್ನೆಲ್ಲ ಅವಳು ಕಟ್ಟಿದ್ದು. ಮೇಷ್ಟ್ರು ಕೈಯಿಟ್ಟದ್ದೂ ಸರಿಯಾಗಿ ಅಲ್ಲಿಗೇ.

"ತುಂಬು ಇದನ್ನ. ಗಂಟೆ ಹಾಕು, ಮಗು ನಗು ಹಾಕು, ಏನಾದ್ರೂ ಹಾಕು."

"ಸುಮ್ನಿದ್ರೇನೇ ಚೆನ್ನ, ಸರ್."

"ಹಾಗಾದ್ರೆ ಚಿಕ್ಕದು ಮಾಡು," ಎಂದವರೇ ಮೌಸ್ ಕಸಿದುಕೊಂಡು ಆ ಮೌನವನ್ನು ಅರ್ಧಕ್ಕೆ ಕತ್ತರಿಸಿದರು. ಯಾಕೆಂದು ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ. "ಇದನ್ನ ಹೀಗೇ ಪ್ರಸಾರಕ್ಕೆ ಕಳಿಸು," ಎಂದು ಊಟಕ್ಕೆ ಎದ್ದು ಹೋದರು.

ಒಬ್ಬಳೇ ಕುಳಿತು ಮತ್ತೆ ಮತ್ತೆ ಕೇಳಿದಳು. ಈಗ ಅದು ಮೌನವಾಗಿರಲಿಲ್ಲ, ಬಿಕ್ಕಳಿಕೆಯಾಗಿತ್ತು. ಕಿವಿ ತಣ್ಣಗಾಗುವ ಮೊದಲೇ ಹೆಸರು ಬಂದು ಬಾಗಿಲು ಬಡಿಯುತ್ತಿತ್ತು. ತಿಂಗಳುಗಟ್ಟಲೆ ಕತ್ತರಿಸಿಕೊಂಡದ್ದೆಲ್ಲ ಒಟ್ಟಿಗೇ ನೆನಪಾಯಿತು. ಮೇಷ್ಟ್ರು ಕತ್ತರಿಸಿದ್ದನ್ನು ಎಳೆದು ಮೊದಲಿನಷ್ಟೇ ಉದ್ದ ಮಾಡಿದಳು. ಸಿಟ್ಟಿಗೆ ಇನ್ನೊಂದು ಉಸಿರಿನಷ್ಟು ಸೇರಿಸಿ ಕಳಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಎಲ್ಲರೂ ರೇಡಿಯೊಗೆ ಕಿವಿಗೊಟ್ಟಿದ್ದರು.

"ಏನಮ್ಮಾ, ಹಾಸಿಗೆ ಹಾಸೋದು ಇನ್ನೂ ಎಷ್ಟೊತ್ತು?" ಎಂದು ಅತ್ತಿಗೆ ಇಸ್ತ್ರಿ ಮಾಡುತ್ತಲೇ ಕೆಣಕಿದಳು.

"ಶ್, ಬಂತು," ಎಂದ ಅಣ್ಣ.

ಹಾರ್ನ್, ಯಂತ್ರ, ಕುರ್ಚಿ. ಎಲ್ಲ ನಿಂತಿತು. ಅತ್ತಿಗೆಯ ಕೈಯ ಇಸ್ತ್ರಿಪೆಟ್ಟಿಗೆ ಗಾಳಿಯಲ್ಲೇ ನಿಂತಿತು. ಅದನ್ನು ನೋಡಿ ಮೌನಿಯ ಎದೆ ತುಂಬಿ ಬಂತು. ಆಗ ಎಲ್ಲಿಂದಲೋ ಕೊಳಲು ಶುರುವಾಯಿತು. ಯಾರ ಹಂಗೂ ಇಲ್ಲದಂತೆ ಊದಿ ಊದಿ ಮುಗಿಯಿತು. ಅದರ ಬೆನ್ನಿಗೇ ಹವಾಮಾನ ವರದಿ. ಅಂಗಡಿಯ ಹೆಸರು ಬರಲೇ ಇಲ್ಲ.

"ಚೆನ್ನಾಗಿದೆ ಕಣೇ," ಎಂದ ಅಣ್ಣ. "ಆದ್ರೆ ಯಾರ ಹಾಸಿಗೆ?"

ಕೇಂದ್ರಕ್ಕೆ ಹೋದರೆ ಅಂಗಡಿಯ ಯಜಮಾನರು ಮೇಷ್ಟ್ರ ಕೋಣೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ಬಾಮ್ಮಾ. ಊರಿನ ಗಲಾಟೆಗೆಲ್ಲ ನನ್ನ ದುಡ್ಡು, ನನ್ನ ಹೆಸರು ಬರೋ ಹೊತ್ಗೆ ಕೊಳಲು. ಜನ ಈಗ ಕೊಳಲು ಕೊಂಡ್ಕೊಳ್ಳೋಕೆ ಹೊರಟಿರ್ತಾರೆ."

ಮೇಷ್ಟ್ರು ಗೋಡೆಬದಿಯ ಬೂದುಬಣ್ಣದ ಪೆಟ್ಟಿಗೆಯತ್ತ ಬೆರಳು ತೋರಿಸಿದರು. "ಮೂರು ಸೆಕೆಂಡ್ ಸದ್ದಿಲ್ದಿದ್ರೆ ಕೇಂದ್ರ ಕೆಟ್ಟು ನಿಂತಿದೆ ಅಂದ್ಕೊಂಡು ಇದು ತಾನೇ ಕೊಳಲು ಹಾಕತ್ತೆ, ಅದು ಮುಗಿಯೋವರ್ಗೂ ಬೇರೇನೂ ಕೇಳ್ಸಲ್ಲ. ನಾನು ಎರಡಕ್ಕೆ ಇಳಿಸಿದ್ದೆ. ಎಳೆದಿದ್ದು ಯಾರು?"

ಅವಳು ನೆಲ ನೋಡಿದಳು.

"ಹೀಗೆ ಸುಮ್ನೆ ನಿಂತ್ರೆ ಈಗ್ಲೂ ಕೊಳಲು ಬರತ್ತೆ."

"ನಾನೇ, ಸರ್. ಯಾಕೆ ಕತ್ತರಿಸ್ತೀರ ಅಂತ ನೀವು ಹೇಳ್ಲೇ ಇಲ್ವಲ್ಲ."

"ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಕೇಳದೆ ಇರುವುದನ್ನೇ ಅವಳು ಇಷ್ಟು ದಿನ ದೊಡ್ಡತನವೆಂದು ತಿಳಿದಿದ್ದಳು. ಅವರೂ ಹೇಳದೆ ಇರುವುದನ್ನು ಹಾಗೆಯೇ ತಿಳಿದಿರಬೇಕು. ಇಬ್ಬರ ನಡುವೆ ಆ ಪೆಟ್ಟಿಗೆಯೊಂದೇ ತನ್ನ ಕೆಲಸವನ್ನು ನೆಟ್ಟಗೆ ಮಾಡಿತ್ತು.

"ನಿಮ್ಮ ಜಗಳ ಆಮೇಲಿಟ್ಕೊಳ್ಳಿ," ಎಂದರು ಯಜಮಾನರು. "ಆ ಜಾಗಕ್ಕೆ ಗೊರಕೆ ಹಾಕಿ. ನಾನೇ ಹೊಡೀತೀನಿ. ಪಕ್ಕದ ಮನೆಯವ್ರೂ ಕೇಳಿರೋ ಗೊರಕೆ ನಂದು."

"ಗೊರಕೆ ಹಾಕು, ಕುರ್ಚಿ ತಗೊ," ಎಂದರು ಮೇಷ್ಟ್ರು. "ಬೇಡ ಅಂದ್ರೆ ಬೇರೆಯವ್ರು ಹಾಕ್ತಾರೆ."

ಮಧ್ಯಾಹ್ನ ಯಜಮಾನರು ಸ್ಟುಡಿಯೊದ ಕಾರ್ಪೆಟ್ಟಿನ ಮೇಲೆ ಅಂಗಾತ ಮಲಗಿದರು. ಅವಳು ಮೈಕನ್ನು ಅವರ ಮೂಗಿನ ಹತ್ತಿರಕ್ಕೆ ಇಳಿಸಿದಳು. ಮೊದಲ ಗೊರಕೆ ಲಾರಿ ಏರು ಹತ್ತಿದಂತಿತ್ತು.

"ಸ್ವಲ್ಪ ನಿಧಾನ, ಸರ್. ನಿದ್ದೆ ಬಂದ ಹಾಗೆ."

"ನಿದ್ದೆ ಬಂದ್ರೆ ನಿಮ್ಮ ಮಾತು ಹೇಗಮ್ಮ ಕೇಳ್ಲಿ ನಾನು?"

ಗಾಜಿನಾಚೆ ಜೊತೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳ ಮುಖ ಬಿಸಿಯಾಯಿತು. ಆದರೂ, "ಇನ್ನೊಂದ್ಸಲ," ಎಂದಳು. ಆಮೇಲೆ ಮತ್ತೊಂದು ಸಲ.

ಜೋಡಿಸಲು ಕೂತಾಗ ಪರದೆಯ ಮೇಲೆ ಗೊರಕೆ ಎರಡು ಗುಡ್ಡಗಳಂತೆ ಕಂಡಿತು. ಉಸಿರು ಒಳಗೆ ಎಳೆದದ್ದು ಒಂದು, ಹೊರಗೆ ಬಿಟ್ಟದ್ದು ಇನ್ನೊಂದು. ನಡುವೆ ಚಪ್ಪಟೆಯಾದ ಒಂದು ಸಣ್ಣ ಗೆರೆ, ಏನೂ ಇಲ್ಲದ ಜಾಗ. ಅವಳು ಅದನ್ನು ಹಿಡಿದು ಎಳೆಯತೊಡಗಿ, ಕೈ ತಡೆದಳು.

"ಸರ್, ಇಲ್ಲಿ ಎರಡೂವರೆ ಸೆಕೆಂಡ್ ಬಿಟ್ರೆ ಪೆಟ್ಟಿಗೆ ಸುಮ್ನಿರತ್ತಾ?"

ಹೊರಗೆ ಹೊರಟಿದ್ದ ಮೇಷ್ಟ್ರು ಬಾಗಿಲಲ್ಲೇ ನಿಂತರು. "ಇರತ್ತೆ," ಎಂದರು. ತಿರುಗಿ ಬಂದು ಪರದೆ ನೋಡಿ, "ಅದಕ್ಕಿಂತ ಮೇಲೆ ಹೋಗ್ಬೇಡ."

ಎರಡೂವರೆ ಸೆಕೆಂಡಿಗೆ ಎಳೆದು ಕೇಳಿದಳು. ಸಾಲದು ಅನ್ನಿಸಿತು. ಇನ್ನೊಮ್ಮೆ ಕೇಳಿದಳು, ಆಗಲೂ ಸಾಲದು. ಹಲ್ಲು ಕಚ್ಚಿಕೊಂಡು ಪ್ರಸಾರಕ್ಕೆ ಕಳಿಸಿದಳು.