ತಳವಿಲ್ಲದ ಮಡಕೆ

ನಾನು ಮಡಕೆ ಬಡಿಯುವ ಸದ್ದನ್ನೂ ನನ್ನ ಬಾಯಿಯನ್ನೂ ಒಟ್ಟಿಗೆ ಸೇರಿಸಿ ನಮ್ಮ ಬೀದಿಯವರು ನನಗಿಟ್ಟ ಹೆಸರು ಪಟಪಟಿ. ಇರಲಿ. ಆದರೆ ಆ ಸೋಮವಾರ ನಮ್ಮ ಶೆಡ್ಡಿಗೆ ಬಂದ ಕನ್ನಡಕದ ಮೇಡಂ ನನಗೆ ಆ ಹೆಸರನ್ನೂ ಉಳಿಸಲಿಲ್ಲ.

ಪಟ್ಟಣದ ತರಬೇತಿ ಕೇಂದ್ರದಲ್ಲಿ ಮಡಕೆ ಮಾಡುವುದನ್ನು ಕಲಿಸಲು ಒಬ್ಬರು ಬೇಕಾಗಿದ್ದರು. ಒಬ್ಬರೇ. ಮೇಡಂ ಬಂದದ್ದು ಅವರನ್ನು ಆರಿಸಲು. ಅಣ್ಣ ಅಜ್ಜನ ಕಾಲದ ತಿಗರಿಯ ಮುಂದೆ ಕೂತ. ತಿರುಗುವ ಮಣ್ಣಿನ ಮುದ್ದೆ ಅವನ ಕೈಯಲ್ಲಿ ಎದ್ದು ನಿಂತು, ಕಂಠ ಮೂಡಿ, ಬಾಯಿ ಅರಳಿತು. ಮೇಡಂ ಮೊಬೈಲ್ ಹಿಡಿದು ಬಾಯಿ ತೆರೆದು ನೋಡುತ್ತಿದ್ದರು. ಮೂಲೆಯಲ್ಲಿ ನಾನು ಹಿಂದಿನ ದಿನದ ಮಡಕೆ ಬಡಿಯುತ್ತಿದ್ದೆ.

"ಅಮ್ಮಾ, ಒಂಚೂರು ಆ ಸದ್ದು ನಿಲ್ಲಿಸ್ತೀರಾ? ವಿಡಿಯೋದಲ್ಲಿ ಕೇಳುತ್ತೆ."

ನಿಲ್ಲಿಸಿದೆ.

"ಇವರು ಯಾರು?"

"ನನ್ನ ತಂಗಿ. ಒಂಚೂರು ಸಹಾಯಕ್ಕೆ ಬರ್ತಾಳೆ," ಅಂದ ಅಣ್ಣ.

ಒಂಚೂರು! ನಮ್ಮ ತಿಗರಿಯಿಂದ ಇಳಿಯುವ ಮಡಕೆಗೆ ತಳವೇ ಇರುವುದಿಲ್ಲ. ದಾರದಲ್ಲಿ ಕತ್ತರಿಸಿ ಎತ್ತಿದರೆ ಕೆಳಗೆ ಬರೀ ತೂತು, ಗೋಡೆ ಹೆಬ್ಬೆರಳಷ್ಟು ದಪ್ಪ. ನೆರಳಲ್ಲಿ ಅರೆಬರೆ ಆರಿದ ಮೇಲೆ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಸುತ್ತಲೂ ಬಡಿಯಬೇಕು. ಬಡಿದಂತೆ ಗೋಡೆ ತೆಳುವಾಗಿ ಹೊಟ್ಟೆ ಉಬ್ಬುತ್ತದೆ, ತೂತು ಕಿರಿದಾಗುತ್ತಾ ಬಂದು ಮುಚ್ಚಿಕೊಳ್ಳುತ್ತದೆ. ಒಂದೇ ಒಂದು ಏಟು ಕಲ್ಲಿಗೆ ನೇರ ಬೀಳದಿದ್ದರೆ ಮಡಕೆ ಹೋಯಿತು. ಆ ಕಲ್ಲು ಅಮ್ಮನದು. ಅಮ್ಮನಿಗೆ ಅವಳ ಅಮ್ಮ ಕೊಟ್ಟದ್ದು. ನನಗೆ ಮಕ್ಕಳಿಲ್ಲ, ಅತ್ತಿಗೆಗೆ ತಾಳ್ಮೆಯಿಲ್ಲ. ನಾನು ಯಾರಿಗಾದರೂ ಕಲಿಸದಿದ್ದರೆ ಈ ಕೆಲಸ ನನ್ನ ಜೊತೆಗೇ ಮುಗಿಯುತ್ತದೆ. ಆ ಕೇಂದ್ರದ ಕೆಲಸ ನನಗೆ ಬೇಕಿದ್ದದ್ದು ಅದಕ್ಕೆ.

ಮೇಡಂ ಅರ್ಜಿಯಲ್ಲಿ ಅಣ್ಣನ ಹೆಸರು ಬರೆದುಕೊಂಡರು. "ಗುರುವಾರ ಬರ್ತೀನಿ. ಪೂರ್ತಿ ಆಗಿರೋ ಒಂದು ಮಡಕೆ ತೋರಿಸಿ, ಸಹಿ ಹಾಕಿಸ್ಕೊಂಡು ಹೋಗ್ತೀನಿ."

ಅವರು ಅತ್ತ ಹೋದದ್ದೇ ತಡ, ನಾನು ಕೇಳಿದೆ. "ಅಲ್ಲಣ್ಣ, ತಳ ಯಾರು ಕೂಡಿಸ್ತಾರೆ ಅಂತ ಹೇಳೋಕೆ ನಿನ್ನ ಬಾಯಲ್ಲಿ ಮಣ್ಣು ತುಂಬಿತ್ತಾ?"

"ಇಷ್ಟಕ್ಕೆಲ್ಲ ಯಾಕೆ ಹಾರಾಡ್ತೀಯೆ? ಯಾರ ಹೆಸರಾದ್ರೇನು, ಒಂದೇ ಮನೆ ತಾನೆ?"

"ಹಾಗಾದ್ರೆ ನನ್ನ ಹೆಸರೇ ಬರೆಸಬೇಕಿತ್ತು. ಒಂದೇ ಮನೆ ತಾನೆ?"

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕಿಸಕ್ಕೆಂದು ನಕ್ಕಳು. "ಈಗ ಹೇಳ್ರೀ ಉತ್ತರ!"

"ಸದ್ದು ನಿಲ್ಲಿಸು ಅಂದ್ರಲ್ಲ, ನಿಲ್ಲಿಸಿದೀನಿ," ಅಂದೆ. ಕಲ್ಲನ್ನು ಮಡಿಲಿಗೆ ಹಾಕಿಕೊಂಡು ಬೀದಿಯ ತುದಿಯ ನನ್ನ ಮನೆಗೆ ಹೊರಟೆ.

ಶೆಡ್ಡಿನಲ್ಲಿ ಒದ್ದೆ ಗೋಣಿಯ ಕೆಳಗೆ ಹನ್ನೊಂದು ಮಡಕೆ ಕಾಯುತ್ತಿದ್ದವು. ಗುರುವಾರ ದಾಟಿದರೆ ಅವು ಬಡಿತಕ್ಕೆ ಬಗ್ಗುವುದಿಲ್ಲ, ಬಿರುಕು ಬಿಡುತ್ತವೆ. ಆದರೂ ಹೋಗಲಿಲ್ಲ.

ಬುಧವಾರ ಅತ್ತಿಗೆ ಓಡಿ ಬಂದಳು. "ನಿಮ್ಮಣ್ಣ ತಾವೇ ಬಡಿಯೋಕೆ ಕೂತಿದಾರೆ ಕಣೆ! ಬಾಗಿಲಿಗೆ ಅಡ್ಡ ಇಡೋ ಕಲ್ಲು ತಗೊಂಡು! ಒಂದು ಚಪ್ಪಟೆ ಆಯ್ತು, ಇನ್ನೊಂದರೊಳಗೆ ಹಲಗೆ ಹೂತೇ ಹೋಯ್ತು."

"ಒಂಚೂರು ಸಹಾಯಕ್ಕೆ ನೀನೇ ಹೋಗು," ಅಂದೆ.

ಗುರುವಾರ ಮೇಡಂ ಬರುವ ಹೊತ್ತಿಗೆ ಸರಿಯಾಗಿ ನಾನೂ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತೆ. ಮೇಡಂ ಒಂದು ಮಡಕೆ ಎತ್ತಿ ಒಳಗೆ ಕೈ ಹಾಕಿದರು. ಕೈ ಕೆಳಗಿನಿಂದ ಹೊರಗೆ ಬಂತು.

"ಇದಕ್ಕೆ ತಳ ಎಲ್ಲಿ?"

ಅಣ್ಣ ತಲೆ ಕೆರೆದುಕೊಂಡ. "ಅದನ್ನ ನನ್ನ ತಂಗಿ ಮಾಡ್ತಾಳೆ."

ಮೇಡಂ ನನ್ನ ಕಡೆ ತಿರುಗಿದರು. ನಾನು ಆ ಮಡಕೆ ಇಸಕೊಂಡು ಕೂತು, ಕಲ್ಲು ತೆಗೆದು, ಬಡಿಯತೊಡಗಿದೆ. ಮಣ್ಣು ಆಗಲೇ ಬಿಗಿಯುತ್ತಿತ್ತು. ಅಂಗೈ ಅಗಲದ ತೂತು ನಿಂಬೆಹಣ್ಣಿನಷ್ಟಾಯಿತು, ಆಮೇಲೆ ಬೆರಳು ತೂರುವಷ್ಟು. ಅಲ್ಲಿಗೆ ನಿಲ್ಲಿಸಿದೆ.

"ಮುಗಿಸಿ, ಅಮ್ಮಾ."

"ಮೊದಲು ನಿಮ್ಮ ಕಾಗದ ಮುಗಿಸಿ."

"ಸರಿ, ಇಬ್ಬರೂ ಬನ್ನಿ. ನಿಮ್ಮನ್ನ ಇವರ ಸಹಾಯಕಿ ಅಂತ ಹಾಕ್ತೀನಿ."

ಮಡಕೆಯನ್ನು ಎತ್ತಿ ಅವರ ಕೈಗೇ ಕೊಟ್ಟೆ. "ಸಹಾಯಕಿ ಬಡಿಯೋದು ಇಷ್ಟೇ, ಮೇಡಂ. ಇದರಲ್ಲೇ ನೀರು ತುಂಬ್ಕೊಂಡು ಹೋಗಿ."

ಅಣ್ಣ ಹಾಳಾದ ಎರಡು ಮಡಕೆಗಳನ್ನು ನೋಡಿದ. ನನ್ನ ಮುಖ ಮಾತ್ರ ನೋಡಲಿಲ್ಲ.

"ಮೇಡಂ, ನನ್ನ ಹೆಸರು ಹೊಡೆದುಹಾಕಿ. ತಿಗರಿ ತಿರುಗಿಸೋರು ಇನ್ನೂ ನಾಲ್ಕು ಜನ ಸಿಗ್ತಾರೆ. ಇದು ಬರೋದು ಇವಳೊಬ್ಬಳಿಗೇ. ಬೇಗ ಬರೀರಿ, ಮಣ್ಣು ಆರ್ತಾ ಇದೆ."

ಮೇಡಂ ಪೆನ್ನು ತೆಗೆದರು. "ಹೆಸರು?"

"ಪಟಪಟಿ," ಅಂದಳು ಅತ್ತಿಗೆ, ನಗು ತಡೆಯಲಾರದೆ.

ಅಮ್ಮ ಇಟ್ಟ ಹೆಸರನ್ನು ನಾನು ನಿಧಾನವಾಗಿ ಹೇಳಿದೆ. ಬರೆದದ್ದನ್ನು ಇಸಕೊಂಡು ಎರಡು ಸಲ ಓದಿದೆ. ಆಮೇಲೆ ಕೂತು ತೂತು ಮುಚ್ಚಿದೆ.

ಮೇಡಂ ಮತ್ತೆ ವಿಡಿಯೋ ಮಾಡಿದರು. ಸದ್ದು ನಿಲ್ಲಿಸಿ ಅನ್ನಲಿಲ್ಲ. ಅಂದಿದ್ದರೆ ಹಲಗೆ ಕೈಯಲ್ಲೇ ಇತ್ತು.