ಅರಮನೆಗೆ ತಲುಪದ ಸುದ್ದಿ

ಮಧ್ಯಾಹ್ನದ ಗಿರಾಕಿಗಳೆಲ್ಲ ಹೋದ ಮೇಲೆ ವೆಂಕಪ್ಪ ಪರದೇಶದ ಟೂಟಿಂಗ್ ಪೇಟೆಯ ತಮ್ಮ ಹೋಟೆಲಿನಲ್ಲಿ ಕಾಫಿ ಹಿಡಿದು ಕೂತಿದ್ದರು. ಎದುರಿಗೆ ಮಗಳು ಸೃಷ್ಟಿ ಮರುದಿನ ಶಾಲೆಯಲ್ಲಿ ಮಾಡಬೇಕಾದ ಭಾಷಣವನ್ನು ಓದಿಕೊಳ್ಳುತ್ತಿದ್ದಳು. ಚೀನಾದ ಚಿನ್ ರಾಜವಂಶ ಏಕೆ ಬಿತ್ತು ಎಂಬುದು ವಿಷಯ.

“ಇಡೀ ಚೀನಾವನ್ನೇ ಒಂದು ಮಾಡಿದವರಂತೆ. ಹದಿನೈದೇ ವರ್ಷಕ್ಕೆ ಹೇಗೆ ಮುಳುಗಿದರು?” ವೆಂಕಪ್ಪ ಕೇಳಿದರು.

“ತೆರಿಗೆ, ಬಿಟ್ಟಿ ದುಡಿಮೆ, ಶಿಕ್ಷೆ, ತುಂಬಾ ರೀಸನ್ಸ್ ಇದೆ ಅಪ್ಪ. ಎರಡನೇ ರಾಜ ಇದ್ದನಲ್ಲ, ಜನ ದಂಗೆ ಎದ್ದಿದ್ದಾರೆ ಅಂತ ಹೇಳಿದವನನ್ನ ಜೈಲಿಗೆ ಹಾಕಿಸಿದ. ನೆಕ್ಸ್ಟ್ ಬಂದವನು, ಅವರು ಬರೀ ಕಳ್ಳರು, ಹಿಡಿದಾಯ್ತು ಅಂದ. ರಾಜ ಫುಲ್ ಹ್ಯಾಪಿ.”

“ಪೆದ್ದ,” ಎಂದು ವೆಂಕಪ್ಪ ನಕ್ಕರು.

ಮಗಳು ನಗಲಿಲ್ಲ. “ವಿಭಾ ಆಂಟಿ ಯಾಕೆ ಬರ್ತಿಲ್ಲ ಅಪ್ಪ?”

ಐದು ವರ್ಷದಿಂದ ಬಡಿಸುತ್ತಿದ್ದ ವಿಭಾ, ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬರುತ್ತಿದೆ ಎಂದು ಹತ್ತು ದಿನದ ಹಿಂದೆ ಗಿರಾಕಿಗಳ ಎದುರಿಗೇ ಹೇಳಿದ್ದಳು. ವೆಂಕಪ್ಪ ಒಲೆ ಬಿಟ್ಟು ಕೌಂಟರಿನಲ್ಲಿ ಕೂತು ವರ್ಷಗಳೇ ಆಗಿದ್ದರೂ, ತನಗೇ ಪಾಠ ಹೇಳುತ್ತಾಳಲ್ಲ ಎಂದು ಅವರಿಗೆ ಸಿಟ್ಟು ಬಂದಿತ್ತು. “ನಾಳೆಯಿಂದ ಬರಬೇಡ” ಎಂದುಬಿಟ್ಟಿದ್ದರು.

ಲೋಟ ಕೆಳಗಿಟ್ಟು ಒಳಗೆ ಹೋದರು. ಅಡುಗೆಯ ಉದಯಶಂಕರ್ ಈರುಳ್ಳಿ ಹೆಚ್ಚುತ್ತಿದ್ದ.

“ಉದಯ, ಗ್ಯಾಸ್ ವಾಸನೆ ಬರ್ತದಾ?”

“ಇಲ್ಲ ಅಣ್ಣ, ಎಲ್ಲ ಸರಿ ಉಂಟು.”

“ನಿಜ ಹೇಳು ಮಾರಾಯ. ನಾನು ಬೈಯುವುದಿಲ್ಲ.”

ಉದಯಶಂಕರನ ಚೂರಿ ನಿಂತಿತು. “ದೋಸೆ ಕಾವಲಿಯ ಹಿಂದೆ ಬರ್ತದೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಜಾಸ್ತಿ.”

“ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ವಿಭಾ ಹೇಳಿದಳಲ್ಲ ಅಣ್ಣ.”

ವೆಂಕಪ್ಪ ಗ್ಯಾಸ್ ಬಂದ್ ಮಾಡಿದರು. ಬಾಗಿಲು ಕಿಟಕಿ ತೆರೆಸಿ, ಎಲ್ಲರನ್ನೂ ಹೊರಗೆ ಕಳಿಸಿ ಫೋನ್ ಮಾಡಿದರು. ಗಂಟೆಯೊಳಗೆ ಗ್ಯಾಸಿನವನು ಬಂದು ಪೈಪಿನ ಬಿರುಕು ಬಿಟ್ಟ ಜಾಯಿಂಟ್ ತೋರಿಸಿದ. ಒಳ್ಳೆ ಹೊತ್ತಿಗೆ ಕರೆದಿರಿ ಎಂದ.

ರಿಪೇರಿ ಮುಗಿಯಿತು. ಸಂಜೆಯ ವ್ಯಾಪಾರ ಹೋದರೂ ವೆಂಕಪ್ಪನಿಗೆ ಬೇಸರವಾಗಲಿಲ್ಲ. ಮಗಳೂ ಉದಯಶಂಕರನೂ ಫುಟ್‌ಪಾತಿನಲ್ಲಿ ನಿಂತು ಏನೋ ಹರಟುತ್ತಿರುವುದನ್ನು ನೋಡಿ ಅವರ ಎದೆ ಹಗುರಾಯಿತು. ವಿಭಾಳಿಗೆ ಫೋನ್ ಮಾಡಿದರು.

“ನೀನು ಹೇಳಿದ್ದೇ ಸರಿ. ತಪ್ಪು ನನ್ನದು. ನಾಳೆ ಬರ್ತೀಯಾ?”

“ಬರ್ತೇನೆ ಅಣ್ಣ. ಆದರೆ ಹಿಂದಿನ ಬಾಗಿಲಿಗೆ ಎಣ್ಣೆ ಡಬ್ಬ ಅಡ್ಡ ಇಡ್ತೀರಲ್ಲ, ಅದೂ ಸರಿಯಲ್ಲ.”

ವೆಂಕಪ್ಪ ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು ಹಿಂದಿನ ಬಾಗಿಲಿಗೆ ಹೋಗಿ, ಮೊದಲನೆಯ ಡಬ್ಬವನ್ನು ಎತ್ತಿದರು.

“ಹೇಳು,” ಎಂದರು. “ಇನ್ನೇನುಂಟು?”